ಎರಡು ಬೆರಳು ಕೆಂಪು, ಉಳಿದದ್ದು ಕಪ್ಪು

ಬೆಳಗಿನ ಐದೂವರೆ. ಹೆದ್ದಾರಿಯಲ್ಲಿ ಹೈದರಾಬಾದಿನ ಕಡೆಗೆ ಹೊರಟ ಲಾರಿಗಳ ದೀಪ ಇನ್ನೂ ಆರಿಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯ ಹಿತ್ತಲಲ್ಲಿ ನೆಲಕ್ಕೆ ಸಮನಾಗಿ ಒಂದು ಕಾಂಕ್ರೀಟ್ ಮುಚ್ಚಿಗೆ ಇದೆ. ಅದರ ಮೇಲೆ ಒಬ್ಬ ಹೆಂಗಸು ಮಂಡಿಯೂರಿ ಕುಳಿತಿದ್ದಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಒಂದು ಕಿವಿಯನ್ನು ಮುಚ್ಚಿಗೆಯಿಂದ ಮೇಲೆದ್ದ ಕಬ್ಬಿಣದ ಕೊಳವೆಯ ಹೊರಮೈಗೆ ಹಚ್ಚಿ, ಕಣ್ಣು ಮುಚ್ಚಿದ್ದಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಮಾತಾಡಹೋದರೂ ಕೈ ಎತ್ತಿ ಸುಮ್ಮನಿರಿಸುತ್ತಾರೆ.

"ಕುದ್ಯಾಕತ್ತದ," ಎನ್ನುತ್ತಾರೆ ಕೊನೆಗೆ. "ಎಸರು ಇಟ್ಟಾಗ ತಳದಾಗ ಸಣ್ಣಗ ಸಪ್ಪಳ ಆಗ್ತದಲ್ಲ, ಹಾಂಗ. ಇವತ್ತ ಚಲೋ ಅದ."

ಇವರು ಸುಂದರಬಾಯಿ. ಹುಮನಾಬಾದ್ ತಾಲ್ಲೂಕಿನ ಹುಡಗಿ ಎಂಬ ಊರಿನವರು. ವಯಸ್ಸು ಐವತ್ತೆಂಟು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ 'ಸಫಾಯಿ' ಎಂದು ಬರೆದಿದೆ. ಆದರೆ ಒಂಬತ್ತು ವರ್ಷಗಳಿಂದ ಇವರು ಮಾಡುತ್ತಿರುವ ಮುಖ್ಯ ಕೆಲಸ ಯಾವುದನ್ನೂ ತೊಳೆಯುವುದಲ್ಲ. ಕೆಳಗಿನ ತೊಟ್ಟಿಯಲ್ಲಿರುವ ಕೆಸರನ್ನು ಯಾರೂ ತೊಳೆಯದಂತೆ ನೋಡಿಕೊಳ್ಳುವುದು, ಅದರೊಳಗಿನ ಜೀವ ಆರದಂತೆ ಕಾಯುವುದು. ಈ ತಿಂಗಳ ಕೊನೆಗೆ ಇವರು ನಿವೃತ್ತರಾಗುತ್ತಾರೆ. ಆಮೇಲೆ ಅದನ್ನು ಯಾರು ಕಾಯುತ್ತಾರೆ ಎಂಬುದೊಂದೇ ಈಗ ಅವರ ತಲೆಯಲ್ಲಿರುವ ಚಿಂತೆ.

ಎದ್ದು ನಿಂತು ಮುಚ್ಚಿಗೆಯಲ್ಲಿರುವ ಅಂಗೈಯಗಲದ ಬಿರಡೆ ತೆಗೆಯುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಮೊದಲು ಸೆರಗಿನ ತುದಿ ಹಿಡಿದು ನೋಡಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಒಳಗಿನ ಹವೆಯನ್ನು ನೇರ ಮೂಗಿಗೆ ತೆಗೆದುಕೊಳ್ಳಬಾರದು. ಹದಿಮೂರು ಅಡಿ ಬಿದಿರಿನ ತುದಿಗೆ ಕಟ್ಟಿದ ಗಾಜಿನ ನಳಿಗೆಯನ್ನು ರಂಧ್ರದಿಂದ ಇಳಿಸಿ, ತಳಕ್ಕೆ ತಾಗಿದ ಮೇಲೆ ಇನ್ನಷ್ಟು ಒತ್ತಿ, ದಾರ ಎಳೆದು ಮೇಲಿನ ಬಾಯಿ ಮುಚ್ಚುತ್ತಾರೆ. ಮೇಲೆ ತಂದೊಡನೆ ಕೆಳಬಾಯಿಗೆ ರಬ್ಬರ್ ಬಿರಡೆ. ಇಷ್ಟೂ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

ನಳಿಗೆಯಲ್ಲಿ ಕೆಸರು ನಿಂತಿದೆ. ಮೇಲೆ ತುಕ್ಕಿನ ಬಣ್ಣದ ಒಂದು ಪಟ್ಟಿ, ಅದರ ಕೆಳಗೆ ಹಸಿರು ಮಿಶ್ರಿತ ಕಪ್ಪು. ಎರಡರ ನಡುವೆ ಗೆರೆ ಎಳೆದಷ್ಟು ಸ್ಪಷ್ಟ.

"ಎಷ್ಟದ ನೋಡು," ಎನ್ನುತ್ತಾರೆ ಸುಂದರಬಾಯಿ.

ಪಕ್ಕದಲ್ಲಿ ನಿಂತ ಮನೀಷಾ ಬೆರಳು ಅಡ್ಡ ಇಟ್ಟು ಕೆಂಪು ಪಟ್ಟಿಯನ್ನು ಅಳೆಯುತ್ತಾಳೆ. ಆಕೆಗೆ ಇಪ್ಪತ್ತೊಂದು. ಹತ್ತನೆಯ ತರಗತಿ ಪಾಸಾದವಳು. ಸುಂದರಬಾಯಿಯ ಕೆಲಸ ಕಲಿಯಲೆಂದು ನಾಲ್ಕು ತಿಂಗಳ ಹಿಂದೆ ಸೇರಿದ್ದಾಳೆ. ಅವರನ್ನು ಮೌಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾಳೆ.

"ಎರಡೂವರೆ, ಮೌಸಿ."

"ಎಲ್ಲಿ ಎರಡೂವರೆ? ನಿನ್ನ ಬೆರಳ ಬೆಂಡಿಕಾಯಿ ಹಾಂಗ ಅವ. ಸರಿ ಆ ಕಡಿ." ಸುಂದರಬಾಯಿ ತಮ್ಮ ದಪ್ಪ, ಒಡಕು ಬಿದ್ದ ಬೆರಳುಗಳನ್ನು ಗಾಜಿಗೆ ಹಚ್ಚುತ್ತಾರೆ. "ಎರಡು. ಬರೋಬ್ಬರಿ ಎರಡು. ಬರಕೋ."

ಮನೀಷಾ ಪುಸ್ತಕದಲ್ಲಿ 'ಎರಡು' ಎಂದು ಬರೆಯುತ್ತಾಳೆ. ತುಟಿ ಮಾತ್ರ ಸ್ವಲ್ಪ ಓರೆಯಾಗುತ್ತದೆ.

ಎರಡು ಬೆರಳು ಕೆಂಪು, ಉಳಿದದ್ದು ಕಪ್ಪು. ಹೀಗಿದ್ದರೆ ತೊಟ್ಟಿ ಆರೋಗ್ಯವಾಗಿದೆ ಎಂದರ್ಥ. ಕೆಂಪು ನಾಲ್ಕು ಬೆರಳಿಗೆ ಬೆಳೆದರೆ ಕಾರ್ಖಾನೆಯ ಕೊಳೆನೀರಿನ ಜೊತೆ ಒಳಗೆ ಬರುತ್ತಿರುವ ನೈಟ್ರೇಟ್ ಲವಣ ಹೆಚ್ಚಾಗಿದೆ, ಕೆಸರು ಅದನ್ನು ತೀರಿಸಲಾರದೆ ಸೋಲುತ್ತಿದೆ. ಆಗ ಒಳಬರುವ ನೀರಿನ ವಾಲ್ವ್ ಅರ್ಧ ತಿರುಗಿಸಬೇಕು, ಇಲ್ಲವೇ ಒಂದು ಬಕೆಟ್ ಕಾಕಂಬಿ ಹೆಚ್ಚು ಹಾಕಬೇಕು. ಸಕ್ಕರೆ ಕಾರ್ಖಾನೆಯಿಂದ ಬರುವ ಆ ಕಪ್ಪು ಪಾಕವೇ ಕೆಸರಿನ ಊಟ. ಕೆಂಪು ಪೂರ್ತಿ ಮಾಯವಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಊಟ ಹೆಚ್ಚಾಗಿದೆ, ಕಾಕಂಬಿ ತಗ್ಗಿಸಬೇಕು. ಇದು ಯಾವ ಕೈಪಿಡಿಯಲ್ಲೂ ಬೆರಳಿನ ಲೆಕ್ಕದಲ್ಲಿಲ್ಲ.

ಮುಂದಿನ ಪರೀಕ್ಷೆ ಹೊರಹೋಗುವ ನೀರಿನದು. ಒಂದು ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ ನೂರು ಎಣಿಸುತ್ತಾರೆ. ನೈಟ್ರೇಟ್ ಇದ್ದರೆ ಕಾಗದ ಗುಲಾಬಿಯಾಗುತ್ತದೆ. ಬಣ್ಣ ಹೋಲಿಸಿ ನೋಡುವ ಅಚ್ಚಿನ ಕಾರ್ಡು ಎಂದೋ ಬಿಸಿಲಿಗೆ ಬಿಳಿಚಿಕೊಂಡಿತು. ಅದರ ಬದಲು ಗೋಡೆಗೆ ಮೂರು ಚೂರು ಬಟ್ಟೆ ಹೊಡೆದಿದ್ದಾರೆ. ಹುಮನಾಬಾದಿನ ಬಟ್ಟೆ ಅಂಗಡಿಯಲ್ಲಿ, ಕಾರ್ಡು ಇನ್ನೂ ಚೆನ್ನಾಗಿದ್ದಾಗಲೇ ಅದನ್ನು ಒಯ್ದು, ಬಣ್ಣಕ್ಕೆ ಬಣ್ಣ ಕೂಡಿಸಿ ತಂದ ಕುಪ್ಪಸದ ತುಂಡುಗಳು. ಒಂದು ಬಿಳಿ, ಒಂದು ತೆಳು ಗುಲಾಬಿ, ಒಂದು ಕಡು ಗುಲಾಬಿಯ ರಾಣಿ ಬಣ್ಣ. ವರ್ಷಕ್ಕೊಮ್ಮೆ ಬದಲಿಸುತ್ತಾರೆ.

"ಅಂಗಡಿಯಾವ ಕೇಳ್ದ, ಇಷ್ಟೇ ಇಷ್ಟ ಅರಿವಿ ಒಯ್ದು ಯಾರಿಗಿ ಕುಪ್ಪಸ ಹೊಲಸ್ತಿ ಬಾಯೀ, ಗೊಂಬಿಗಿ ಏನ್ ಅಂತ. ನೀರಿಗ್ರಿ ಅಂದೆ. ಮುಖ ನೋಡ್ಕೋತ ಕುಂತ."

ಇಂದಿನ ಕಾಗದ ಬಿಳಿ ತುಂಡಿಗೆ ಹೊಂದುತ್ತದೆ. ಸುಂದರಬಾಯಿ ಹೊರಗಿನ ವಾಲ್ವ್ ತೆರೆಯುತ್ತಾರೆ. ನೀರು ಮುಂದಿನ ತೊಟ್ಟಿಗೆ ಹೋಗಿ, ಗಾಳಿಯಾಡಿ, ಮರಳಿನಲ್ಲಿ ಸೋಸಿ, ಇಳಿಜಾರಿನ ಹಳ್ಳ ಸೇರುತ್ತದೆ. ದಿನಕ್ಕೆ ಇಪ್ಪತ್ತು ಸಾವಿರ ಲೀಟರ್. ತೊಟ್ಟಿ ಹಿಡಿಯುವುದು ಎಂಬತ್ತು ಸಾವಿರ. ದಿನಕ್ಕೆ ಮೂರು ಬಕೆಟ್ ಕಾಕಂಬಿ, ಎರಡು ಸಲ ನಳಿಗೆ, ನಾಲ್ಕು ಸಲ ಕಾಗದ. ಬೆಳಗಿನ ಐದೂವರೆಗೆ ಬಂದವರು ಮಧ್ಯಾಹ್ನ ಎರಡಕ್ಕೆ ಹುಡಗಿಗೆ ಹೋಗುವ ಟಂಟಂ ಆಟೊ ಹತ್ತುತ್ತಾರೆ. ರಜೆಯ ದಿನವೂ ಒಮ್ಮೆ ಬಂದು ಕಿವಿ ಹಚ್ಚಿ ಹೋಗುತ್ತಾರೆ.

ತೊಟ್ಟಿಯ ಒಳಗೆ ನಡೆಯುವುದನ್ನು ಅವರಿಗೆ ಹೇಳಿಕೊಟ್ಟವರು ಜಲಾಲುದ್ದೀನ್ ಸಾಹೇಬರು. ಈ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದು ನಾಲ್ಕು ವರ್ಷದ ಹಿಂದೆ ನಿವೃತ್ತರಾದ ಅವರು ಈಗ ಹುಮನಾಬಾದಿನ ತಮ್ಮ ಮನೆಯಲ್ಲಿ ಗುಲಾಬಿ ಗಿಡ ಬೆಳೆಸಿಕೊಂಡಿದ್ದಾರೆ. ಅವರು ವಿವರಿಸುವುದು ಹೀಗೆ: ನಮ್ಮಂಥ ಜೀವಿಗಳಿಗೆ ಉಸಿರಾಡಲು ಆಮ್ಲಜನಕ ಬೇಕು. ತೊಟ್ಟಿಯ ತಳದಲ್ಲಿ ಅದಿಲ್ಲ. ಆದರೂ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಅಲ್ಲಿ ಬದುಕುತ್ತವೆ. ಅವುಗಳಲ್ಲಿ ಕೆಲವು ಆಮ್ಲಜನಕದ ಬದಲು ನೀರಿನಲ್ಲಿ ಕರಗಿದ ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ಕೊನೆಗೆ ಉಳಿಯುವುದು ಬರೀ ಸಾರಜನಕ. ನಮ್ಮ ಸುತ್ತಲಿನ ಗಾಳಿಯಲ್ಲಿ ಹೆಚ್ಚಿನ ಪಾಲು ಇರುವುದೂ ಅದೇ. ಅದು ಗುಳ್ಳೆಯಾಗಿ ಎದ್ದು ಕೊಳವೆಯಿಂದ ಹೊರಗೆ ಹೋಗುತ್ತದೆ. ಸುಂದರಬಾಯಿ ಬೆಳಗ್ಗೆ ಕೇಳುವ ಸಪ್ಪಳ ಆ ಗುಳ್ಳೆಗಳದು.

ಇನ್ನೂ ಕೆಳಗೆ, ನೈಟ್ರೇಟೂ ಸಿಗದ ಕಡೆ, ಬೇರೆ ಜೀವಿಗಳಿವೆ. ಅವು ಕಬ್ಬಿಣದ ತುಕ್ಕನ್ನು ಉಸಿರಾಟಕ್ಕೆ ಬಳಸುತ್ತವೆ. ತೊಟ್ಟಿಯ ತಳಕ್ಕೆ ಕೆಂಪು ಮೊರಂ ಜಲ್ಲಿ ಹಾಸಿರುವುದು ಅದಕ್ಕಾಗಿಯೇ; ಆ ಕಲ್ಲಿನ ಕೆಂಪೆಲ್ಲ ಕಬ್ಬಿಣ. ತುಕ್ಕು ಕರಗಿ ಕೆಸರು ಕಪ್ಪಾಗುತ್ತದೆ. ಕರಗಿದ ಕಬ್ಬಿಣ ನಿಧಾನವಾಗಿ ಮೇಲೇರುತ್ತದೆ. ಅಲ್ಲಿ ಹೊಸದಾಗಿ ಬಂದ ನೈಟ್ರೇಟ್ ಎದುರಾದಾಗ ಮೂರನೆಯ ಒಂದು ಜಾತಿಯ ಜೀವಿಗಳು ಆ ಕಬ್ಬಿಣವನ್ನು ಮತ್ತೆ ತುಕ್ಕಾಗಿಸಿ, ಆ ಕೆಲಸದಿಂದಲೇ ಹೊಟ್ಟೆ ಹೊರೆಯುತ್ತವೆ. ತುಕ್ಕು ಮತ್ತೆ ಕೆಳಗಿಳಿಯುತ್ತದೆ. ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ, ಹತ್ತಿ ಇಳಿಯುತ್ತಲೇ ಇರುತ್ತದೆ. ನೈಟ್ರೇಟ್ ಮಾತ್ರ ಗಾಳಿಯಾಗಿ ಹೋಗುತ್ತದೆ.

ಸುಂದರಬಾಯಿ ಇದನ್ನೇ ತಮ್ಮ ರೀತಿಯಲ್ಲಿ ಹೇಳುತ್ತಾರೆ. "ಮ್ಯಾಗಿನಾಕಿ ಕೆಂಪ ಮಾಡ್ತಾಳ, ಕೆಳಗಿನಾಕಿ ಕರೀದು ಮಾಡ್ತಾಳ. ಅತ್ತಿ ಇಟ್ಟಿದ್ದು ಸೊಸಿ ತೆಗೀತಾಳ, ಸೊಸಿ ಇಟ್ಟಿದ್ದು ಅತ್ತಿ ತೆಗೀತಾಳ. ಆದ್ರ ಮನಿ ನಡೀತದ ನೋಡ್ರಿ. ನಡುವ ಬಾಗಿಲ ತೆಗ್ದು ಹವಾ ಬಿಟ್ರ ಮಾತ್ರ ಮನಿ ಮುರೀತದ."

ಆ ಬಾಗಿಲನ್ನು ಒಮ್ಮೆ ತೆಗೆದವರು ಅವರೇ. ಅದನ್ನು ಅವರು ಮುಚ್ಚಿಡುವುದಿಲ್ಲ.

ತೊಂಬತ್ಮೂರರಲ್ಲಿ ಈ ತೊಟ್ಟಿ ಕಟ್ಟುವಾಗ ಮಣ್ಣು ಹೊರಲು ಬಂದವರು ಸುಂದರಬಾಯಿ. ಕಟ್ಟಡ ಮುಗಿದ ಮೇಲೆ ಕಸ ಗುಡಿಸಲು ಉಳಿಸಿಕೊಂಡರು. ಓದು ಬರಹ ಇಲ್ಲ. ಗಂಡ ಕಾಶಿರಾಮ ಕಂಡವರ ಹೊಲದಲ್ಲಿ ದುಡಿಯುತ್ತಿದ್ದರು. ಇಬ್ಬರು ಮಕ್ಕಳು. ಐದು ವರ್ಷ ಆ ಮುಚ್ಚಿಗೆಯ ಮೇಲೆ ದಿನಾ ಕಸಬರಿಗೆ ಆಡಿಸಿದರೂ ಅದರ ಕೆಳಗೇನಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ನಾತ ಮಾತ್ರ ಗೊತ್ತಿತ್ತು.

ತೊಂಬತ್ತೆಂಟರ ದಸರೆ ಬಂತು. ಈ ಸೀಮೆಯಲ್ಲಿ ನವರಾತ್ರಿಗೆ ದೇವಿಯ ಘಟ ಕೂಡಿಸುವ ಮೊದಲು ಮನೆಯಲ್ಲಿ ಒಂದು ಚಮಚವೂ ತೊಳೆಯದೆ ಉಳಿಯುವುದಿಲ್ಲ. ಕೌದಿಗಳೆಲ್ಲ ಹಳ್ಳಕ್ಕೆ, ಗಡಿಗೆಗಳೆಲ್ಲ ಅಂಗಳಕ್ಕೆ, ಗೋಡೆಗೆಲ್ಲ ಸುಣ್ಣ. ಕಾರ್ಖಾನೆಯಲ್ಲೂ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಯಂತ್ರಗಳನ್ನು ತೊಳೆದು ಒರೆಸುತ್ತಾರೆ. ಜಲಾಲುದ್ದೀನ್ ಸಾಹೇಬರು ಮಗಳ ಮದುವೆಗೆಂದು ಹದಿನೈದು ದಿನ ರಜೆ ಹಾಕಿ ಗುಲ್ಬರ್ಗಕ್ಕೆ ಹೋಗಿದ್ದರು. ಕಾರ್ಖಾನೆಯೂ ಹಬ್ಬಕ್ಕೆ ಐದು ದಿನ ಬಂದ್ ಇತ್ತು.

"ನನಗ ಅನಿಸ್ತು, ಎಲ್ಲಾ ಸಾಫ್ ಮಾಡಿ ಈ ಹೊಲಸ ಒಂದ ಬಿಟ್ರ ದೇವಿ ಏನಂದಾಳು ಅಂತ. ನಾನೇ ಮಾಣಿಕಪ್ಪಗ ಹೇಳ್ದೆ, ಪಂಪ್ ಹಚ್ಚು, ಇದನ್ನೂ ತೊಳೀಮು ಅಂತ."

ಮಾಣಿಕಪ್ಪ ಆಗಲೂ ಈಗಲೂ ಇಲ್ಲಿ ಪಾಳಿಯ ಮೇಸ್ತ್ರಿ. ಅವರೂ ಒಪ್ಪಿದರು. ದೊಡ್ಡ ಮುಚ್ಚಳ ತೆಗೆದು ಎರಡು ದಿನ ನಾತ ಹೋಗಲು ಬಿಟ್ಟರು. ಕೆಸರನ್ನು ಪಂಪಿನಿಂದ ಎತ್ತಿ ಬಯಲಲ್ಲಿ ಹರವಿದರು. ಮೇಲಿನಿಂದಲೇ ಪೈಪು ಹಿಡಿದು ತೊಳೆದರು. ಬಿದಿರಿಗೆ ಕುಂಚ ಕಟ್ಟಿ ಒಳಗೋಡೆಗೆ ಎರಡು ಸಲ ಸುಣ್ಣ ಹೊಡೆದರು. ತಳದ ಕೆಂಪು ಮೊರಂ ಚೆಂದ ಕಂಡಿತು, ಅದನ್ನೂ ಬಕೆಟ್ಟಿನಲ್ಲಿ ಎತ್ತಿ ತೊಳೆದು ಗೇಟಿನ ದಾರಿಗೆ ಹಾಸಿದರು. ಮುಚ್ಚಿಗೆಯ ಮೇಲೆ ಸುಂದರಬಾಯಿ ರಂಗೋಲಿ ಹಾಕಿ ಕುಂಬಳಕಾಯಿ ಒಡೆದರು.

ಮದುವೆ ಮುಗಿಸಿ ಬಂದ ಜಲಾಲುದ್ದೀನ್ ಸಾಹೇಬರು ತೊಟ್ಟಿಯೊಳಗೆ ಇಣುಕಿ ನೋಡಿ ಎಲ್ಲರನ್ನೂ ಅಲ್ಲಿಗೇ ಕರೆಸಿದರಂತೆ.

"ನಾನು ಕೇಳಿದ್ದು ಒಂದೇ ಮಾತು," ಎಂದು ಸಾಹೇಬರು ನೆನೆಯುತ್ತಾರೆ. "ಯಾರಾದ್ರೂ ಒಳಗ ಇಳಿದಿದ್ರೇನು ಅಂತ. ಇಲ್ಲ ಅಂದ್ರು. ಅಲ್ಲಾಹ್‌ನ ಮೆಹರಬಾನಿ. ಇಳಿದಿದ್ರ ಒಳಗಿನ ವಿಷದ ಹವಾಕ್ಕ ನಾನು ಬರೂತನಕ ನಾಕು ಮಯ್ಯತ್, ನಾಕು ಹೆಣ ಎದ್ದಿರ್ತಿತ್ತು. ಆಮ್ಯಾಲ ಸಿಟ್ಟು ಬಂತು."

ಮ್ಯಾನೇಜರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಯಾರ ಕೆಲಸ ಇದು ಎಂದು ಕೇಳಿದಾಗ ಮಾಣಿಕಪ್ಪ ನೆಲ ನೋಡಿದರು. ಸುಂದರಬಾಯಿ ಒಂದು ಹೆಜ್ಜೆ ಮುಂದೆ ಬಂದು "ನಾನೇರಿ" ಎಂದರು. ಅಂದು ಅವರಿಗೆ ಮೊದಲ ಸಲ ಆ ಕೆಸರು ಏನೆಂದು ಯಾರೋ ಹೇಳಿದರು. ಹೇಳಿದವರು ಜಲಾಲುದ್ದೀನ್ ಸಾಹೇಬರು, ಅದೂ ಕೂಗಾಡುತ್ತ. ಕಾರ್ಖಾನೆಯ ನೀರಿನಲ್ಲಿ ನೈಟ್ರೇಟ್ ಇದೆ. ಈ ನೀರು ಹಾಗೇ ಹಳ್ಳಕ್ಕೆ ಹೋದರೆ ದಂಡೆಯ ಬಾವಿಗಳಿಗೆ ಇಳಿಯುತ್ತದೆ. ದೊಡ್ಡವರಿಗೆ ಒಮ್ಮೆಲೇ ತಿಳಿಯುವುದಿಲ್ಲ. ಆದರೆ ಆ ನೀರಿನಲ್ಲಿ ಕಲೆಸಿದ ಹಾಲು ಕುಡಿದ ಎಳೆಗೂಸುಗಳ ಮೈ ನೀಲಿಗಟ್ಟಬಹುದು, ಜೀವವೇ ಹೋಗಬಹುದು.

ಸುಂದರಬಾಯಿಯ ಮಗಳು ಪೂನಂಳ ಗಂಡನ ಮನೆ ಆ ಹಳ್ಳದ ಕೆಳಗಿದೆ. ಆಗ ಪೂನಂಳ ಚೊಚ್ಚಲ ಮಗುವಿಗೆ ಮೂರು ತಿಂಗಳು. ಎದೆಹಾಲು ಸಾಲದೆ ಬಾಟಲಿ ಹಿಡಿಸಿದ್ದರು.

"ಸಾಹೇಬ್ರ, ಅದನ್ನ ತಿರುಗಿ ಹ್ಯಾಂಗ ತರ್ಬೇಕು ಹೇಳ್ರಿ, ನಾ ತರ್ತೀನಿ ಅಂದೆ. ಬೈಯೂದು ಆಮ್ಯಾಲ ಬೈರಿ."

ಸಮಯದ ಲೆಕ್ಕ ಸರಳವಾಗಿತ್ತು. ತೊಟ್ಟಿ ಕೆಲಸ ಮಾಡದಿದ್ದರೆ ನೀರು ಹಿಡಿದಿಡಲು ಹಿಂಭಾಗದಲ್ಲಿ ಒಂದು ಕಟ್ಟಿದ ಹೊಂಡ ಇತ್ತು. ಎಂಟು ಲಕ್ಷ ಲೀಟರ್ ಹಿಡಿಯುತ್ತಿತ್ತು. ದಿನಕ್ಕೆ ಇಪ್ಪತ್ತು ಸಾವಿರದಂತೆ ನಲವತ್ತು ದಿನ. ನಲವತ್ತೊಂದನೆಯ ದಿನ ಹೊಂಡ ಉಕ್ಕಿ ಹಳ್ಳಕ್ಕೆ ಹರಿಯುತ್ತಿತ್ತು.

ಬಯಲಲ್ಲಿ ಹರವಿದ ಹಳೆಯ ಕೆಸರು ಅಷ್ಟರಲ್ಲಿ ಬಿಸಿಲಿಗೆ ಒಣಗಿ, ಇಟ್ಟಿಗೆ ಪುಡಿಯಂತೆ ಕೆಂಪಾಗಿತ್ತು. ಅದು ಉಪಯೋಗಕ್ಕಿರಲಿಲ್ಲ. ಬೇಕಾದದ್ದು ಕಬ್ಬಿಣವೂ ನಿಂತ ನೀರೂ ಗಾಳಿಯಿಲ್ಲದೆ ಬಹಳ ಕಾಲ ಜೊತೆಗಿದ್ದ ಜಾಗದ ಕೆಸರು. ಅಂಥ ಜಾಗ ಎಲ್ಲಿದೆ ಎಂದು ಸಾಹೇಬರು ಯೋಚಿಸುತ್ತಿದ್ದರು. ನೀರಿನ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪೊರೆ ಇರುತ್ತದೆ, ಆದರೆ ಎಣ್ಣೆಯಲ್ಲ, ಎಂದು ವರ್ಣಿಸಿದರು.

"ಕಡ್ಡಿಲೆ ಚುಚ್ಚಿದ್ರ ಹಪ್ಪಳದಾಂಗ ಒಡೀತದೇನ್ರಿ?" ಎಂದು ಸುಂದರಬಾಯಿ ಕೇಳಿದರು. "ಎಣ್ಣಿ ಆದ್ರ ತಿರುಗಿ ಕೂಡ್ತದ. ಇದು ಕೂಡಂಗಿಲ್ಲ, ಹೌದಲ್ರಿ?"

ಸಾಹೇಬರು ಆಗ ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದೆ ಎನ್ನುತ್ತಾರೆ.

ಸುಂದರಬಾಯಿಯ ತವರು ಬಸವಕಲ್ಯಾಣದ ಹತ್ತಿರ. ಊರ ಹೊರಗೆ ಕೆಂಪು ಕಲ್ಲಿನ ಒಂದು ಗುಡ್ಡದ ಬುಡದಲ್ಲಿ ವರ್ಷವಿಡೀ ನೀರು ಜಿನುಗುತ್ತದೆ. ಎಮ್ಮೆಗಳೂ ಇಳಿಯದ ಒಂದು ಗುಂಡಿ. ಮೇಲೆ ನವಿಲುಗರಿಯ ಬಣ್ಣದ ಪೊರೆ, ಕೆಳಗೆ ಮಸಿಯಂಥ ಕೆಸರು. ಚಿಕ್ಕಂದಿನಲ್ಲಿ ಆ ಪೊರೆಯನ್ನು ಕಡ್ಡಿಯಿಂದ ಒಡೆಯುವುದು ಅವರ ಆಟ. ಅವ್ವ ಲಲಿತಾಬಾಯಿ ಅದೇ ಕೆಸರನ್ನು ಅಳಲೆಕಾಯಿಯ ನೀರಿಗೆ ಕೂಡಿಸಿ ಹಗ್ಗಕ್ಕೆ ಕಪ್ಪು ಬಣ್ಣ ಹಾಕುತ್ತಿದ್ದರು.

ಕೆಸರು ತರಲು ಗಾಡಿ ಕೊಡಲು ಮ್ಯಾನೇಜರ್ ಒಪ್ಪಲಿಲ್ಲ. ಸುಂದರಬಾಯಿ ಹತ್ತು ಲೀಟರಿನ ಎರಡು ಕ್ಯಾನ್ ಹಿಡಿದು ಬಸ್ ಹತ್ತಿದರು. ದಾರಿಯಲ್ಲಿ ಗಾಳಿ ಸೇರದಿರಲು ಸಾಹೇಬರು ಹೇಳಿದ್ದು ಒಂದೇ: ಕ್ಯಾನಿನ ಬಾಯಿಯವರೆಗೆ ತುಂಬು, ಗುಳ್ಳೆ ಉಳಿಯಬಾರದು. ಉಳಿದದ್ದು ಸುಂದರಬಾಯಿಯ ಬುದ್ಧಿ. ಕ್ಯಾನನ್ನು ಗುಂಡಿಯ ನೀರಿನಲ್ಲಿ ಮುಳುಗಿಸಿ ಒಳಗೇ ಮುಚ್ಚಳ ತಿರುಗಿಸಿದರು. ಅದರ ಸುತ್ತ ಜೋಳದ ಹಿಟ್ಟು ನಾದಿ ಮೆತ್ತಿ ಮೇಲೆ ಒದ್ದೆ ಬಟ್ಟೆ ಬಿಗಿದರು.

ಹುಮನಾಬಾದಿಗೆ ಬರುವ ಬಸ್ಸಿನ ಕಂಡಕ್ಟರ್ ಮೊಹಿನುದ್ದೀನ್ ಆ ಕ್ಯಾನುಗಳನ್ನು ನೋಡಿ ಬಗ್ಗಿ ಮೂಸಿದರಂತೆ.

"ತುಪ್ಪ ಏನವ್ವಾ? ಹಿಟ್ಟು ಮೆತ್ತಿ ತಂದೀಯಲ್ಲ."

"ಕೆಸರಪ್ಪ."

"ಕೆಸರು? ಹುಮನಾಬಾದದಾಗ ಕೆಸರಿಗಿ ಬರಗಾಲ ಬಂದದೇನು?"

"ಬಂದದ. ನಾನೇ ತಂದೀನಿ ಬರಗಾಲ. ಈಗ ನಾನೇ ಕಳೀಬೇಕು. ಜಾಗ ಬಿಡು, ಬಿಸಲಿಗಿ ಇಡಬ್ಯಾಡ."

ಮೊದಲ ಎರಡು ಕ್ಯಾನ್ ವ್ಯರ್ಥವಾದವು. ಗೋಡೆಯ ಸುಣ್ಣ ಕೆಸರಿನ ಜೀವವನ್ನು ಸುಟ್ಟಿತು. ಏಳು ದಿನ ಕಾದರೂ ಒಂದು ಗುಳ್ಳೆ ಏಳಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಸುಂದರಬಾಯಿ ಬಿದಿರಿಗೆ ಕೆರೆಯುವ ಸಲಾಕೆ ಕಟ್ಟಿ, ಮೇಲಿನಿಂದಲೇ, ಮೂರು ದಿನ ಗೋಡೆ ಕೆರೆದರು. ಅಂಗೈ ಸುಲಿದು ಬಟ್ಟೆ ಸುತ್ತಿಕೊಂಡರು. ಜೊತೆಗೆ ನಿಂತವರು ಮಾಣಿಕಪ್ಪ. ಸಾಲಿನಲ್ಲಿ ನೆಲ ನೋಡಿದ್ದಕ್ಕೆ ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಗೇಟಿನ ದಾರಿಯಿಂದ ಮೊರಂ ಅಷ್ಟನ್ನೂ ಒಬ್ಬರೇ ಬುಟ್ಟಿಯಲ್ಲಿ ಹೊತ್ತು ತಂದು ತೊಟ್ಟಿಗೆ ಸುರಿದರು. ಐದು ಸಲ ನೀರು ತುಂಬಿ ಖಾಲಿ ಮಾಡಿದರು. ನೀರಿನಲ್ಲಿ ಸುಣ್ಣ ಉಳಿದಿದೆಯೇ ಎಂದು ತೋರಿಸುವ ಸಾಹೇಬರ ಇನ್ನೊಂದು ಕಾಗದ ನೀಲಿ ಬಿಟ್ಟು ಹಸಿರಿಗೆ ತಿರುಗುವವರೆಗೆ ಬಿಡಲಿಲ್ಲ.

ಆಮೇಲೆ ಹನ್ನೆರಡು ದಿನ, ದಿನಕ್ಕೊಂದು ಸಲ, ಬಸವಕಲ್ಯಾಣ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಹನ್ನೊಂದಕ್ಕೆ ವಾಪಸ್. ಮೊಹಿನುದ್ದೀನ್ ಆ ಹೊತ್ತಿಗೆ ಡ್ರೈವರ್ ಹಿಂದಿನ ನೆರಳಿನ ಜಾಗ ಅವರ ಕ್ಯಾನುಗಳಿಗೆ ಹಿಡಿದಿಡುತ್ತಿದ್ದರು. "ಕೆಸರವ್ವ ಹತ್ಯಾಳೇನು? ಹತ್ತಿದ ಮ್ಯಾಲ ರೈಟ್" ಎನ್ನುವುದು ಆ ಬಸ್ಸಿನ ವಾಡಿಕೆಯಾಯಿತು. ಕಾಶಿರಾಮ ಮನೆಯಲ್ಲಿ ರೊಟ್ಟಿ ಬಡಿಯಲು ಕಲಿತರು. "ಕಲತಿಲ್ರಿ," ಎನ್ನುತ್ತಾರೆ ಸುಂದರಬಾಯಿ, "ಸುಟ್ಟಾರ. ಉಂಡೀವಿ." ಮಗಳ ಮನೆಗೆ ಮಾತ್ರ ಅವರು ದಿನಾ ಹೇಳಿ ಕಳಿಸಿದ್ದು ಒಂದೇ ಮಾತು: ಕೂಸಿನ ಹಾಲಿಗೆ ಬಾವಿ ನೀರು ಬೇಡ, ಊರೊಳಗಿನ ನಲ್ಲಿಯಿಂದ ತನ್ನಿ.

ಹೊಂಡ ದಿನದಿನಕ್ಕೆ ಏರುತ್ತಿತ್ತು. ಇಪ್ಪತ್ತೆಂಟನೆಯ ದಿನ, ಮೂವತ್ತನೆಯ ದಿನ, ನಳಿಗೆಯಲ್ಲಿ ಬರೀ ಕೆಂಪು. ಕಾಗದ ಅದ್ದಿದರೆ ಕಡು ಗುಲಾಬಿ. ಮ್ಯಾನೇಜರ್ ಬೇರೆ ಊರಿನ ಕಂಪನಿಯೊಂದಕ್ಕೆ ಟ್ಯಾಂಕರ್ ಕೇಳಿ ಫೋನ್ ಮಾಡಿದರು. ಅವರು ತಿಂಗಳು ಬಿಟ್ಟು ಬರುತ್ತೇವೆ ಎಂದರು. ಮೂವತ್ತೊಂದು. ಮೂವತ್ತೆರಡು. ಸುಂದರಬಾಯಿ ಕಾಕಂಬಿ ಹಾಕುತ್ತಿದ್ದರು, ನಳಿಗೆ ಇಳಿಸುತ್ತಿದ್ದರು, ಎತ್ತುತ್ತಿದ್ದರು. ಆಗಲೇ ಅವರು ಕೊಳವೆಗೆ ಕಿವಿ ಹಚ್ಚುವುದನ್ನು ಶುರುಮಾಡಿದ್ದು. ಅದನ್ನು ಯಾರೂ ಕಲಿಸಲಿಲ್ಲ. ಹೊಟ್ಟೆಯಲ್ಲಿ ಕೂಸು ಮಿಸುಕದಿದ್ದರೆ ಸೂಲಗಿತ್ತಿ ಹಾಗೆ ಕಿವಿ ಹಚ್ಚುವುದನ್ನು ಅವರು ಕಂಡಿದ್ದರು.

ಮೂವತ್ಮೂರನೆಯ ದಿನ ಮುಂಜಾನೆ ಸಪ್ಪಳ ಕೇಳಿತು.

"ನನ್ನ ಕಿವಿದೇ ಸಪ್ಪಳ ಅಂತ ತಿಳ್ಕೊಂಡೆ. ಮಾಣಿಕಪ್ಪಗ ಕರದು ನೀ ಕೇಳು ಅಂದೆ. ಅವ ಕಿವಿ ಹಚ್ಚಿ, ಅಕ್ಕಾ, ಕುದ್ಯಾಕತ್ತದ ಅಂದ. ಇಬ್ರೂ ಅಲ್ಲೇ ಕುಂತು ಅತ್ತೀವಿ. ಯಾರರ ನೋಡಿದ್ರ ಏನ್ ಅಂತಿದ್ರೋ."

ನಳಿಗೆಯ ತಳದಲ್ಲಿ ಅಂದು ಒಂದು ಬೆರಳಿನಷ್ಟು ಕಪ್ಪು ಕಾಣಿಸಿತು. ಮೂವತ್ತಾರನೆಯ ದಿನ ಕಪ್ಪು ಮೇಲೇರಿ, ಕೆಂಪು ನಾಲ್ಕು ಬೆರಳಿಗೆ ಇಳಿಯಿತು. ಮೂವತ್ತೆಂಟನೆಯ ದಿನ ಎರಡು ಬೆರಳು. ಕಾಗದ ಬೆಳ್ಳಗೇ ಉಳಿಯಿತು. ಜಲಾಲುದ್ದೀನ್ ಸಾಹೇಬರು ಮೂರು ಸಲ ಪರೀಕ್ಷಿಸಿ ಹೊರಗಿನ ವಾಲ್ವ್ ತೆರೆದರು. ಹೊಂಡದ ಅಂಚಿಗೆ ಒಂದು ಗೇಣು ಉಳಿದಿತ್ತು. ಹಿಡಿದಿಟ್ಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ತೊಟ್ಟಿಗೆ ಬಿಟ್ಟು ಖಾಲಿ ಮಾಡಲು ಮುಂದಿನ ಬೇಸಗೆಯವರೆಗೆ ಹಿಡಿಯಿತು.

ಪೂನಂಳ ಆ ಕೂಸಿಗೆ ಈಗ ಒಂಬತ್ತು ವರ್ಷ. ಹೆಸರು ಶರಣಕುಮಾರ. ಅಜ್ಜಿಯನ್ನು ಅವನೂ ಕೆಸರವ್ವ ಎಂದೇ ಕರೆಯುತ್ತಾನೆ.

ಅಂದಿನಿಂದ ನಳಿಗೆ ಸುಂದರಬಾಯಿಯ ಕೈಗೆ ಬಂತು. ಸಾಹೇಬರೇ ಕೊಟ್ಟರು. "ನನ್ನ ಪ್ರಯೋಗಾಲಯದಾಗ ಡಿಗ್ರಿ ಮಾಡಿದವ್ರು ಮೂರು ಮಂದಿ ಇದ್ರು," ಎನ್ನುತ್ತಾರೆ ಅವರು. "ಕಾಗದ ಓದಿ ಹೇಳ್ತಿದ್ರು. ಸುಂದರಬಾಯಿ ಕಾಗದ ಬಣ್ಣ ಬದಲಿಸೂಕಿಂತ ಒಂದು ದಿನ ಮೊದಲೇ ಹೇಳ್ತಿದ್ಲು, ನಾಳೆ ಗುಲಾಬಿ ಬರ್ತದ ಸಾಹೇಬ್ರ ಅಂತ. ಬರ್ತಿತ್ತು."

ಹಾಜರಿ ಪುಸ್ತಕದ 'ಸಫಾಯಿ' ಮಾತ್ರ ಬದಲಾಗಲಿಲ್ಲ. ಅದರ ಬಗ್ಗೆ ಕೇಳಿದರೆ ಸುಂದರಬಾಯಿ ನಗುತ್ತಾರೆ. "ಬರದಿದ್ದು ಬರಕೊಂಡಿರ್ಲಿ. ತೊಟ್ಟಿಗಿ ಓದಾಕ ಬರಂಗಿಲ್ಲ."

ಇದು ದಸರೆಯ ವಾರ. ಕಾರ್ಖಾನೆಯ ಗೇಟಿಗೆ ಹೊಸ ಬಣ್ಣ ಬಂದಿದೆ. ನಾಳೆ ಖಂಡೆ ಪೂಜೆ. ಹಿತ್ತಲಲ್ಲಿ ಆರೇಳು ಜನ ಕೆಲಸಗಾರರು ಪೈಪು ಎಳೆದುಕೊಂಡು ಯಂತ್ರದಿಂದ ಯಂತ್ರಕ್ಕೆ ನೀರು ಹಾರಿಸುತ್ತಿದ್ದಾರೆ. ಅವರಲ್ಲಿ ಹಳಬರು ಮಾಣಿಕಪ್ಪ ಒಬ್ಬರೇ. ಉಳಿದವರು ಈಚೆಗೆ ಬಂದವರು. ಪ್ರತಿ ವರ್ಷ ಈ ದಿನ ಸುಂದರಬಾಯಿ ಬೆಳಗಿನಿಂದ ಸಂಜೆಯವರೆಗೆ ಮುಚ್ಚಿಗೆಯ ಮೇಲೆ ಕೂತಿರುತ್ತಾರೆ. ಊಟವೂ ಅಲ್ಲೇ. ಪೂಜೆಯನ್ನು ಬಿಡುವುದಿಲ್ಲ, ಕೊಳವೆಗೆ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸುತ್ತಾರೆ, ದೊಡ್ಡ ಮುಚ್ಚಳ ಮಾತ್ರ ತೆಗೆಯಗೊಡುವುದಿಲ್ಲ.

ಈ ಸಲ ಅವರು ಮುಚ್ಚಿಗೆಯ ಮೇಲಿಲ್ಲ. ಬೇಕೆಂದೇ ದೂರ, ಬೇವಿನ ನೆರಳಲ್ಲಿ ಕುಳಿತಿದ್ದಾರೆ. "ನೋಡ್ತೀನಿ," ಎನ್ನುತ್ತಾರೆ ಮೆಲ್ಲಗೆ. ಮಡಿಲಲ್ಲಿ ಕೈಗಳು ಒಂದನ್ನೊಂದು ಹಿಡಿದಿವೆ.

ಸಂಜುಕುಮಾರ ಎಂಬ ಕೆಲಸಗಾರ ಪೈಪು ಹಿಡಿದು ಮುಚ್ಚಿಗೆಯ ಬಳಿ ಬರುತ್ತಾನೆ. ಮನೀಷಾ ಅಲ್ಲೇ ನಿಂತಿದ್ದಾಳೆ.

"ಸರಿಯಕ್ಕ, ಇದರ ಮುಚ್ಚಳ ತೆಗ್ದು ಒಂದೀಟು ನೀರ ಹೊಡೀತೀನಿ. ಹಬ್ಬದಾಗ ಇದೇನ್ ನಾತ!"

"ತೆಗಿಯಂಗಿಲ್ಲ."

"ಯಾಕ? ಒಳಗ ಬಂಗಾರ ಇಟ್ಟೀಯೇನು?"

"ಜೀವ ಅವ. ಹವಾ ತಾಗಿದ್ರ ಹೋಗ್ತಾವ."

"ಕೆಸರಿನಾಗ ಜೀವ!" ಸಂಜುಕುಮಾರ ಉಳಿದವರ ಕಡೆ ತಿರುಗಿ ನಗುತ್ತಾನೆ. "ಕೇಳ್ರೋ, ಈಕಿ ಕೆಸರಿಗಿ ಕಾವಲು ಕುಂತಾಳಂತ. ಮಾಣಿಕಪ್ಪಣ್ಣ, ನೀ ಹೇಳು."

ಮಾಣಿಕಪ್ಪ ಈ ಸಲ ನೆಲ ನೋಡುವುದಿಲ್ಲ. ಬಾಯಿ ತೆರೆಯುತ್ತಾರೆ. ಬೇವಿನ ಕೆಳಗಿಂದ ಸುಂದರಬಾಯಿ ಕೈ ಎತ್ತುತ್ತಾರೆ, ಬೆಳಗ್ಗೆ ಕೊಳವೆಗೆ ಕಿವಿ ಹಚ್ಚಿದಾಗ ಎತ್ತುವ ಹಾಗೆ. ಮಾಣಿಕಪ್ಪ ಪಕ್ಕಕ್ಕೆ ಸರಿಯುತ್ತಾರೆ.

ಮನೀಷಾ ಹೋಗಿ ನಳ ತಿರುಗಿಸಿ ಪೈಪಿನ ನೀರು ನಿಲ್ಲಿಸುತ್ತಾಳೆ. ಹಿಂದಕ್ಕೆ ಬಂದು ಮುಚ್ಚಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ.

"ಸಂಜುಅಣ್ಣ, ಬಾ. ಆ ಕೊಳವಿಗಿ ಕಿವಿ ಹಚ್ಚು. ಏನೂ ಕ್ಯಾಳಲಿಲ್ಲ ಅಂದ್ರ ನಾನೇ ಮುಚ್ಚಳ ತೆಗ್ದು ಕೊಡ್ತೀನಿ."

ಅವನು ಎಲ್ಲರ ಮುಖ ನೋಡಿ, ನಗುತ್ತಲೇ ಬಗ್ಗುತ್ತಾನೆ. ಕಿವಿ ಹಚ್ಚುತ್ತಾನೆ. ನಗು ನಿಧಾನವಾಗಿ ಇಳಿಯುತ್ತದೆ. ಬಹಳ ಹೊತ್ತು ಏಳುವುದಿಲ್ಲ. ಎದ್ದ ಮೇಲೆ ಪೈಪು ಸುತ್ತಿಕೊಂಡು, "ಆಯ್ತು, ಪಂಪ್ ಮನಿ ತೊಳೀತೀನಿ" ಎಂದಷ್ಟೇ ಹೇಳಿ ಹೋಗುತ್ತಾನೆ.

ಮಧ್ಯಾಹ್ನದ ನಳಿಗೆಯ ಹೊತ್ತು. ಮನೀಷಾ ಒಬ್ಬಳೇ ಇಳಿಸುತ್ತಾಳೆ, ಎತ್ತುತ್ತಾಳೆ, ಬಿರಡೆ ಹಾಕುತ್ತಾಳೆ. ಗಾಜಿಗೆ ಬೆರಳು ಹಚ್ಚಿ ಅಳೆಯುತ್ತಾಳೆ. ಬೇವಿನ ಕಡೆ ನೋಡಿ ಸ್ವಲ್ಪ ತಡೆದು, ಗಟ್ಟಿಯಾಗಿ ಕೂಗುತ್ತಾಳೆ.

"ಎರಡೂವರೆ, ಮೌಸಿ!"

ನನ್ನ ಪಕ್ಕದಲ್ಲಿ ಕೂತ ಸುಂದರಬಾಯಿ ಏಳಲು ನೆಲಕ್ಕೆ ಕೈ ಊರುತ್ತಾರೆ. ಊರಿದ ಕೈಯನ್ನು ಒಂದು ಗಳಿಗೆ ನೋಡಿಕೊಂಡು, ಮತ್ತೆ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

"ಎರಡೂವರೆ ಅಂತನೇ ಬರಿ," ಎಂದು ಕೂಗುತ್ತಾರೆ. "ಇನ್ನ ಮ್ಯಾಲ ನಿನ್ನ ಬೆರಳಿಂದೇ ಲೆಕ್ಕ."